ಗೊಂಬೆ ಯಾರ ಮೈಮೇಲೆ ಬರುತ್ತದೆ?

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಮಕ್ಕಳ ಕಾರ್ಟೂನಿನ ಬಗ್ಗೆ ಬರೆಯುವುದೆಂದರೆ ಕೆಲವು ಗೆಳೆಯರಿಗೆ ಹುಡುಗಾಟವೆನ್ನಿಸಬಹುದು. 'ಕಾವ್ಯ, ಕಥೆ, ಆತ್ಮಕಥೆ ಎಲ್ಲಾ ಬಿಟ್ಟು ಇದೇನಪ್ಪಾ, ಲಾಡು ತಿನ್ನೋ ಹುಡುಗನ ಪುರಾಣ' ಎಂದು ಕೇಳಬಹುದು. ಕೇಳಲಿ. ನಮ್ಮ ಕೇರಿಗಳ ಮಕ್ಕಳಿಗೆ ಪಂಪ, ಕುಮಾರವ್ಯಾಸರ ಹೆಸರು ಗೊತ್ತಾಗುವುದು ದೊಡ್ಡ ತರಗತಿಗೆ ಬಂದ ಮೇಲೆ. ಛೋಟಾ ಭೀಮ್ ಗೊತ್ತಾಗುವುದು ಮಾತು ಕಲಿಯುವ ವಯಸ್ಸಿನಲ್ಲಿ. ಹಾಸನದ ಅಂಗಡಿಗಳಲ್ಲಿ, ಅರಕಲಗೂಡಿನ ಸಂತೆಯಲ್ಲಿ, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅವನು ಬ್ಯಾಗಾಗಿ, ಬಲೂನಾಗಿ, ನೀರಿನ ಬಾಟಲಿಯಾಗಿ ನೇತಾಡುತ್ತಿರುತ್ತಾನೆ. ಲೋಕದಲ್ಲಿ ಗೆಲ್ಲುವವರು ಯಾರು, ನಗೆಪಾಟಲಾಗುವವರು ಯಾರು ಎಂಬುದನ್ನು ಮಗು ಮೊದಲು ಕಲಿಯುವುದು ಯಾವ ಪಠ್ಯದಿಂದಲೋ, ಆ ಪಠ್ಯವನ್ನು ವಿಮರ್ಶೆ ಕೈಬಿಡುವಂತಿಲ್ಲ.

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕಾ ರೂಪಿಸಿದ 'ಛೋಟಾ ಭೀಮ್' 2008ರಲ್ಲಿ ಪೋಗೋ ಚಾನೆಲ್ಲಿನಲ್ಲಿ ಶುರುವಾಯಿತು. ಧೋಲಕ್‌ಪುರವೆಂಬ ಕಲ್ಪನೆಯ ಊರು. ಅಲ್ಲೊಬ್ಬ ಒಂಬತ್ತು ವರ್ಷದ ಬಲಶಾಲಿ ಹುಡುಗ. ಅವನ ಜೊತೆಗೆ ಚುಟ್ಕಿ, ರಾಜು, ಮಾತಾಡುವ ಕೋತಿ ಜಗ್ಗು. ಮೇಲೆ ರಾಜ ಇಂದ್ರವರ್ಮ, ರಾಜಕುಮಾರಿ ಇಂದುಮತಿ. ಎದುರಿಗೆ ಸದಾ ಹೊಟ್ಟೆಕಿಚ್ಚು ಪಡುವ, ಜಂಬ ಕೊಚ್ಚುವ, ಕೊನೆಗೆ ಸೋತು ಬೀಳುವ ಕಾಲಿಯಾ, ಮತ್ತು ಅವನ ಹಿಂದೆ ಸುತ್ತುವ ಅವಳಿಗಳು ಧೋಲು, ಭೋಲು. 2012ರಲ್ಲಿ 'ಛೋಟಾ ಭೀಮ್ ಅಂಡ್ ದಿ ಕರ್ಸ್ ಆಫ್ ದಮ್ಯಾನ್' ಎಂಬ ಅನಿಮೇಷನ್ ಚಿತ್ರ ಬಂತು. ಅದೇ ಹೆಸರಿನ, ಅದೇ ಕಥೆಯ ಸಿನಿಮಾ 2024ರ ಮೇ 31ರಂದು ನಿಜವಾದ ನಟರನ್ನು ಇಟ್ಟುಕೊಂಡು ಮತ್ತೆ ಬಂತು. ನಿರ್ದೇಶನ ಚಿಲಕಾ ಅವರದೇ. ಹದಿನಾರು ವರ್ಷ ಗೆರೆಯಾಗಿದ್ದವನಿಗೆ ಮಾಂಸ, ಮೂಳೆ ಬಂತು.

ಇಂಥ ಸಿನಿಮಾ ಬಂದಾಗ ಪತ್ರಿಕೆಗಳು ಕೇಳುವ ಪ್ರಶ್ನೆ ಒಂದೇ: ಕಾರ್ಟೂನಿನ ಹಾಗೇ ಇದೆಯಾ, ಇಲ್ಲವಾ? ಮೂಲಕ್ಕೆ ನಿಷ್ಠೆ ತೋರಿದ್ದಾರಾ? ಗ್ರಾಫಿಕ್ಸ್ ಹೇಗಿದೆ? ನಮಗೆ ಬೇಕಾದ ಪ್ರಶ್ನೆ ಇದಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಮಾತಿದೆ: ದೇವರು ಮೈಮೇಲೆ ಬರುವುದು. ಕಲ್ಲಿನಲ್ಲೋ ಪಟದಲ್ಲೋ ಇದ್ದದ್ದು ಒಬ್ಬ ಮನುಷ್ಯನ ಮೈಯೊಳಗೆ ಇಳಿದು ಮಾತಾಡುವುದು. ಬರೆದ ಚಿತ್ರಕ್ಕೆ ನಟ ಸಿಗುವುದೂ ಇದೇ. ಹಾಗಾದರೆ ಕೇಳಬೇಕಾದದ್ದು: ಗೊಂಬೆ ಯಾರ ಮೈಮೇಲೆ ಬರುತ್ತದೆ? ನಾಯಕನಿಗೆ ಯಾರ ಮೈಯನ್ನು ಕರೆಯುತ್ತಾರೆ, ಒದೆ ತಿನ್ನುವವನಿಗೆ ಯಾರ ಮೈಯನ್ನು ಹುಡುಕುತ್ತಾರೆ?

*

ಛೋಟಾ ಭೀಮ್‌ಗೆ ಸಲ್ಲಬೇಕಾದ ಶ್ರೇಯ ಮೊದಲು ಸಲ್ಲಲಿ. ಹೊರದೇಶದ ಬೆಕ್ಕು, ಇಲಿ, ಬಾತುಕೋಳಿಗಳೇ ತುಂಬಿದ್ದ ಮಕ್ಕಳ ಚಾನೆಲ್ಲುಗಳಿಗೆ ಅವನು ಪಂಚೆ ಉಟ್ಟುಕೊಂಡು, ಬರಿ ಮೈಯಲ್ಲಿ ನುಗ್ಗಿದ. ಅವನು ರಾಜಕುಮಾರನಲ್ಲ, ಊರ ಹುಡುಗ. ಕೇರಿಯ ಮಕ್ಕಳು ಅವನನ್ನು ನಮ್ಮವನು ಅಂದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನ ಶಕ್ತಿ ಎಲ್ಲಿ ಖರ್ಚಾಗುತ್ತದೆ ನೋಡಿ. ಸಂಚಿಕೆ ಸಂಚಿಕೆಯಲ್ಲೂ ಅವನು ಬಡಿದಾಡುವುದು ಧೋಲಕ್‌ಪುರದ ಗದ್ದುಗೆಯನ್ನು ಕಾಯುವುದಕ್ಕೆ. ಇಂದ್ರವರ್ಮ ಶಹಬ್ಬಾಸ್ ಎನ್ನುತ್ತಾನೆ, ಲಾಡು ಸಿಗುತ್ತದೆ, ಮತ್ತೆ ಮಾರನೇ ದಿನ ಅದೇ ದುಡಿಮೆ. ಊರಿನ ಗಡಿ ಕಾಯುವ ತೋಟಿ, ತಳವಾರನ ಕೆಲಸ ನೋಡಿದವರಿಗೆ ಇದು ಹೊಸ ಕಥೆಯಲ್ಲ.

ಇನ್ನು ಕಾಲಿಯಾ. ಹಿಂದಿಯಲ್ಲಿ ಕಾಲಿಯಾ ಎಂದರೆ ಕರಿಯ. ಭೀಮನಿಗೆ ಪುರಾಣದಿಂದ ಹೆಸರು ಬಂತು, ಇಂದುಮತಿಗೆ ಚಂದ್ರನಿಂದ ಬಂತು, ಪುಂಡನಿಗೆ ಮಾತ್ರ ಮೈಬಣ್ಣದಿಂದ ಬಂತು. ಇದು ಕಾರ್ಟೂನಿನವರು ಕಂಡುಹಿಡಿದದ್ದೇನಲ್ಲ. 1975ರ 'ಶೋಲೆ'ಯಲ್ಲಿ ಗಬ್ಬರನ ಗುಂಡಿಗೆ ಬೀಳುವ ದರೋಡೆಕೋರನ ಹೆಸರೂ ಕಾಲಿಯಾನೇ. ನಗಿಸಿ ಸಾಯಬೇಕಾದವನಿಗೆ ಆ ಹೆಸರು ರೆಡಿ ಇರುತ್ತದೆ. ನಮ್ಮ ಸೀಮೆಯಲ್ಲಿ ಕರಿಯ, ಕರಿಯಮ್ಮ, ಕರಿಯಪ್ಪ ಎನ್ನುವುದು ದೇವರ ಹೆಸರು, ತಾತ ಮುತ್ತಾತಂದಿರ ಹೆಸರು. ಹೊಲದ ಕಪ್ಪು ಮಣ್ಣಿಗೆ, ಮಳೆಯ ಮೋಡಕ್ಕೆ ಇರುವ ಬಣ್ಣ. ಅದು ಬೈಗುಳವಾಗಿ ತಿರುಗಿದ್ದು ಶಾಲೆಯ ಕಾಂಪೌಂಡಿನೊಳಗೆ. ಅಲ್ಲಿ ಮಕ್ಕಳು ಛೋಟಾ ಭೀಮ್ ಆಟ ಆಡುವಾಗ ಭೀಮ ಯಾರಾಗಬೇಕು ಎಂದು ಜಗಳವಾಗುತ್ತದೆ. ಕಾಲಿಯಾ ಯಾರಾಗಬೇಕು ಎಂದು ಜಗಳವಾಗುವುದೇ ಇಲ್ಲ. ಕಪ್ಪಗಿರುವ, ಕೇರಿಯಿಂದ ಬಂದ ಹುಡುಗನ ಮೇಲೆ ಆ ಪಾತ್ರ ತಾನಾಗಿ ಬಂದು ಕೂರುತ್ತದೆ. 'ನೀನೇ ಕಾಲಿಯಾ ಕಣ್ಲಾ' ಎಂದರೆ ಮುಗಿಯಿತು, ಹೆಸರು ಏಳನೇ ತರಗತಿವರೆಗೆ ಬಿಡುವುದಿಲ್ಲ.

ಚಿತ್ರದಲ್ಲಿ ಇದ್ದಾಗ ಇದಕ್ಕೊಂದು ನೆಪವಿತ್ತು. ಗೆರೆಗೆ ಜಾತಿ ಇಲ್ಲ, ಬಣ್ಣ ಡಬ್ಬಿಯಿಂದ ಬಂದದ್ದು, ಯಾರ ಚರ್ಮವನ್ನೂ ನಾವು ಆಡಿಕೊಂಡಿಲ್ಲ ಎನ್ನಬಹುದಿತ್ತು. ನಿಜವಾದ ನಟರ ಸಿನಿಮಾ ಈ ನೆಪವನ್ನು ಕಿತ್ತುಕೊಳ್ಳುತ್ತದೆ. ಈಗ ಒಬ್ಬ ಹುಡುಗನನ್ನು ಕರೆದು, ನೀನು ಕಾಲಿಯಾನ ಹಾಗೆ ಕಾಣುತ್ತೀಯ ಎಂದು ಹೇಳಲೇಬೇಕು. ಅವನ ದಪ್ಪ, ಅವನ ಬಣ್ಣ, ಅವನ ನಡಿಗೆ ನಗುವಿನ ಸರಕಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಸಿನಿಮಾದಲ್ಲಿ ದೊಡ್ಡ ಹೆಸರಿನ ನಟನನ್ನು, ಅನುಪಮ್ ಖೇರ್ ಅವರನ್ನು, ತಂದದ್ದು ಗುರು ಶಂಭುವಿನ ಪಾತ್ರಕ್ಕೆ. ಬಲ ಹುಡುಗನದು, ಬಲಕ್ಕೆ ದಾರಿ ತೋರುವ ಅಧಿಕಾರ ಗುರುವಿನದು. ಏಕಲವ್ಯನ ಹೆಬ್ಬೆರಳು ನೆನಪಿರುವ ನಾವು ಈ ಏರ್ಪಾಡನ್ನು ಸುಮ್ಮನೆ ದಾಟಿ ಹೋಗಲಾರೆವು.

*

ಚಿತ್ರಕ್ಕೆ ಚಲನೆ ಕೊಡುವುದನ್ನು ನಾವು ಹೈದರಾಬಾದಿನಿಂದಲೋ ಅಮೆರಿಕದಿಂದಲೋ ಕಲಿಯಬೇಕಾಗಿರಲಿಲ್ಲ. ಆಡಿನ ತೊಗಲನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಅದರ ಮೇಲೆ ರಾಮ, ಭೀಮ, ರಾವಣರನ್ನು ಕೊರೆದು, ಬಣ್ಣ ತುಂಬಿ, ಪರದೆಯ ಹಿಂದೆ ದೀಪ ಹಚ್ಚಿ ಕುಣಿಸಿದವರು ನಮ್ಮ ಕಿಳ್ಳೇಕ್ಯಾತರು. ಮಳೆ ಹೋದ ವರ್ಷ ಇವರನ್ನು ಕರೆಸಿ ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಎಂದು ಊರುಗಳು ನಂಬಿದ್ದವು. ಹಾಸನ, ಮಂಡ್ಯ ಸೀಮೆಯಿಂದ ಬಳ್ಳಾರಿ, ಕೊಪ್ಪಳದವರೆಗೆ ಇವರ ಮೇಳಗಳು ತಿರುಗಿದವು. ಸಿಳ್ಳೇಕ್ಯಾತ ಎಂಬ ಹೆಸರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ತೊಗಲು ಮುಟ್ಟುವ ಕೈ ಮೈಲಿಗೆ ಎಂದ ಸಮಾಜವೇ, ಅದೇ ತೊಗಲಿನ ಮೇಲೆ ಮೂಡಿದ ರಾಮನಿಗೆ ಕೈಮುಗಿಯಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆಗ ಆಕೆಗೆ ತೊಂಬತ್ತು ದಾಟಿತ್ತು. ಒಂದು ಜನಾಂಗದ ಕಲೆಯನ್ನು ದೇಶ ಕಣ್ಣುಬಿಟ್ಟು ನೋಡುವುದಕ್ಕೆ ಎಷ್ಟು ಕಾಲ ಬೇಕಾಯಿತು ಎಂಬುದೂ ಆ ಪ್ರಶಸ್ತಿಯಲ್ಲೇ ಬರೆದಿದೆ.

ಈ ಆಟದಲ್ಲೂ ಒಬ್ಬ ಕರಿಯನಿದ್ದಾನೆ. ಅವನ ಹೆಸರೇ ಕಿಳ್ಳೇಕ್ಯಾತ. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು. ಜೊತೆಗೆ ಹೆಂಡತಿ ಬಂಗಾರಕ್ಕ. ನೋಡಿದ ಕೂಡಲೇ ಜನ ನಗುತ್ತಾರೆ. ಹಾಗಾದರೆ ಕಾಲಿಯಾನಿಗೂ ಇವನಿಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಬಹಳ ಇದೆ, ಮತ್ತು ಈ ಲೇಖನದ ಕೇಂದ್ರವೇ ಅದು. ಕಿಳ್ಳೇಕ್ಯಾತ ಎಂಬುದು ಗೊಂಬೆ ಆಡಿಸುವ ಜನರ ಸ್ವಂತ ಹೆಸರು. ಪರದೆಯ ಹಿಂದೆ ಕೂತವನು ತನ್ನ ಕುಲದ ಹೆಸರನ್ನೇ ಆ ಗೊಂಬೆಗೆ ಕೊಟ್ಟಿದ್ದಾನೆ, ತನ್ನ ನಾಲಿಗೆಯನ್ನೇ ಕೊಟ್ಟಿದ್ದಾನೆ. ರಾಮ ರಾವಣರು ಗ್ರಂಥದ ಮಾತಾಡುವಾಗ ಇವನು ಊರ ಮಾತಾಡುತ್ತಾನೆ, ಗೌಡರನ್ನೂ ಶ್ಯಾನುಭೋಗರನ್ನೂ ಬಿಡದೆ ಚುಚ್ಚುತ್ತಾನೆ, ಸಭ್ಯರು ಕಿವಿ ಮುಚ್ಚಿಕೊಳ್ಳುವ ಮಾತನ್ನು ಆಡಿಯೂ ದಕ್ಕಿಸಿಕೊಳ್ಳುತ್ತಾನೆ. ಜನ ಅವನನ್ನು ನೋಡಿ ನಗುತ್ತಾರೆ, ಆಮೇಲೆ ಅವನ ಜೊತೆ ಸೇರಿ ಊರ ಯಜಮಾನರನ್ನು ನೋಡಿ ನಗುತ್ತಾರೆ. ಕಾಲಿಯಾ ಯಾರನ್ನೂ ಚುಚ್ಚುವುದಿಲ್ಲ. ಅವನು ಇಂದ್ರವರ್ಮನ ಗದ್ದುಗೆಯನ್ನು ಗೇಲಿ ಮಾಡಿದ್ದರೆ ಆ ಮಾತು ಬೇರೆ ಇತ್ತು. ಅವನನ್ನು ಬರೆದವರು ಅವನ ಹೊರಗೆ ನಿಂತು ಬರೆದರು. ಕಿಳ್ಳೇಕ್ಯಾತನನ್ನು ಬರೆದವರು ಅವನೊಳಗಿದ್ದು ಬರೆದರು.

ಆದ್ದರಿಂದ ತೆರೆಯ ಮೇಲೆ ಕರಿಯ ಇದ್ದಾನೋ ಇಲ್ಲವೋ ಎಂದು ಎಣಿಸಿದರೆ ಸಾಲದು. ಕೋಲು ಯಾರ ಕೈಯಲ್ಲಿದೆ ಎಂದು ನೋಡಬೇಕು.

*

ಈಗ ನಿಷ್ಠೆಯ ವಿಚಾರಕ್ಕೆ ಬರೋಣ. ಮೂಲದಲ್ಲಿ ಹೇಗಿದೆಯೋ ಹಾಗೇ ಇರಬೇಕು ಎನ್ನುವವರು ಆ ನಿಯಮವನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಾಕುತ್ತಾರಾ? ಕೃಷ್ಣ ಎಂಬ ಪದದ ಅರ್ಥವೇ ಕಪ್ಪು. ದ್ರೌಪದಿಗೂ ಕೃಷ್ಣೆ ಎಂದು ಹೆಸರು. ಬಿ.ಆರ್. ಚೋಪ್ರಾ ಅವರ 'ಮಹಾಭಾರತ' 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದಾಗ ಕೃಷ್ಣನಾಗಿ ನಿತೀಶ್ ಭಾರದ್ವಾಜ್, ದ್ರೌಪದಿಯಾಗಿ ರೂಪಾ ಗಂಗೂಲಿ ಬಂದರು. ಇಬ್ಬರೂ ಬಿಳಿ ಮೈಯವರು. ಮೂಲಕ್ಕೆ ದ್ರೋಹವಾಯಿತೆಂದು ಯಾರೂ ಬೀದಿಗಿಳಿಯಲಿಲ್ಲ, ಆರತಿ ಎತ್ತಿದರು. ಆದರೆ 1989ರ ಕಾರ್ಟೂನ್ ಚಿತ್ರ 'ದಿ ಲಿಟಲ್ ಮರ್ಮೇಡ್' ಅನ್ನು 2023ರಲ್ಲಿ ನಟರನ್ನಿಟ್ಟು ಮತ್ತೆ ತೆಗೆದಾಗ, ಮತ್ಸ್ಯಕನ್ಯೆಯಾಗಿ ಹ್ಯಾಲಿ ಬೈಲಿ ಎಂಬ ಕಪ್ಪು ಹುಡುಗಿ ಬಂದದ್ದಕ್ಕೆ ಲೋಕವೆಲ್ಲಾ ಗದ್ದಲವಾಯಿತು. ಇಲ್ಲದ ಪ್ರಾಣಿಗೂ ಬಿಳಿ ಚರ್ಮವೇ ಇರಬೇಕಂತೆ! ಕಪ್ಪನ್ನು ಬಿಳುಪು ಮಾಡಿದರೆ ಅದು ಕಲೆಯ ಸ್ವಾತಂತ್ರ್ಯ, ಬಿಳುಪನ್ನು ಕಪ್ಪು ಮಾಡಿದರೆ ಮೂಲಕ್ಕೆ ಅಪಚಾರ. ನಿಷ್ಠೆ ಎಂಬ ಪದದ ಹಿಂದಿರುವ ಹುನ್ನಾರ ಇದು.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿ 2005ರಿಂದ 2008ರವರೆಗೆ ಬಂತು. ಅದರ ಲೋಕವೇ ಏಷ್ಯಾದ್ದು. ನಾಯಕ ಆಂಗ್ ಟಿಬೆಟ್ಟಿನ ಬೌದ್ಧ ಭಿಕ್ಷುಗಳ ಹಾಗೆ ತಲೆ ಬೋಳಿಸಿಕೊಂಡ ಹುಡುಗ. ಅವನ ಜನರನ್ನೆಲ್ಲ ಅಗ್ನಿ ರಾಜ್ಯದವರು ಕೊಂದುಹಾಕಿದ್ದಾರೆ, ಉಳಿದವನು ಅವನೊಬ್ಬ. ಅವನ ಗೆಳೆಯರಾದ ಕಟಾರ, ಸೊಕ್ಕ ಕಂದು ಮೈಯ ಅಣ್ಣತಂಗಿ. ಇದನ್ನು 2010ರಲ್ಲಿ ಸಿನಿಮಾ ಮಾಡಿದವರು ನಮ್ಮ ಮಾಹೆಯಲ್ಲಿ ಹುಟ್ಟಿದ ಮನೋಜ್ ನೈಟ್ ಶ್ಯಾಮಲನ್. ಆಂಗ್, ಕಟಾರ, ಸೊಕ್ಕ ಮೂವರಿಗೂ ಬಿಳಿಯ ನಟರು ಬಂದರು. ಊರು ಸುಡುವ ಅಗ್ನಿ ರಾಜ್ಯದ ರಾಜಕುಮಾರ ಮತ್ತು ಸೇನಾಪತಿಗೆ ದೇವ್ ಪಟೇಲ್, ಆಸಿಫ್ ಮಾಂಡ್ವಿ ಬಂದರು, ಭಾರತ ಮೂಲದವರು. ಚಿತ್ರದಲ್ಲಿ ಕಂದು ಮೈಯವರಿಗಿದ್ದ ನಾಯಕತ್ವ ಮೈ ಬಂದ ಕೂಡಲೇ ಬಿಳಿಯರ ಪಾಲಾಯಿತು, ಕಂದು ಮೈಯವರ ಪಾಲಿಗೆ ಕ್ರೌರ್ಯ ಉಳಿಯಿತು. ಕಾರ್ಟೂನನ್ನು ಪ್ರೀತಿಸಿದ ಹುಡುಗ ಹುಡುಗಿಯರು, ಸಿನಿಮಾ ಬರುವ ಮೊದಲೇ, ನಟರ ಹೆಸರು ಹೊರಬಿದ್ದಾಗಿನಿಂದಲೇ ಪ್ರತಿಭಟಿಸಿದರು. ಅದರ ಫಲವೋ ಏನೋ, 2024ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಮತ್ತೆ ಅದನ್ನು ಧಾರಾವಾಹಿಯಾಗಿ ತೆಗೆದಾಗ ಏಷ್ಯಾ ಮೂಲದ, ಮೂಲನಿವಾಸಿ ಸಮುದಾಯಗಳ ಮಕ್ಕಳು ಆ ಪಾತ್ರಗಳಲ್ಲಿ ಬಂದರು. ನೋಡುಗರು ಜಗಳ ಮಾಡಿದರೆ ಪಾತ್ರ ಹಂಚಿಕೆ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ನಾವು ಆ ಕಾರ್ಟೂನಿನ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಅದರಲ್ಲಿ ಜನ ನಾಲ್ಕು ರಾಜ್ಯಗಳಾಗಿ ಒಡೆದಿದ್ದಾರೆ, ಯಾರಿಗೆ ಯಾವ ವಿದ್ಯೆ ಎಂಬುದು ಹುಟ್ಟಿನಿಂದ ಬರುತ್ತದೆ. ನಾಲ್ಕು ಎಂದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. ಇನ್ನು ಬೌದ್ಧ ಭಿಕ್ಷುವಿನ ವೇಷದ ಮಗುವಿಗೆ ಅವತಾರ ಎಂಬ ಹೆಸರು. ಬುದ್ಧನನ್ನು ವಿಷ್ಣುವಿನ ಅವತಾರವೆಂದು ನಂಬುವುದಿಲ್ಲ ಎಂಬ ಪ್ರತಿಜ್ಞೆ, ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದು. ಯಾರು ಯಾರ ಅವತಾರ ಎಂದು ಹೇಳುವ ಹಕ್ಕು ಯಾರದು ಎಂಬ ಜಗಳವನ್ನು ಅವರು ಆಗಲೇ ಆಡಿ ಮುಗಿಸಿದ್ದರು. ಪಾತ್ರ ಹಂಚುವವರ ಜೊತೆ ನಮ್ಮ ಜಗಳ ಅದರ ಮುಂದುವರಿಕೆ.

*

ಇದೆಲ್ಲ ಹೈದರಾಬಾದು, ಅಮೆರಿಕದ ಮಾತಾಯಿತು, ನಮ್ಮ ನಾಲ್ಕು ತಾಲ್ಲೂಕಿಗೂ ಇದಕ್ಕೂ ಏನು ಸಂಬಂಧ ಎಂದರೆ, ಬೇಸಿಗೆಯ ಒಂದು ರಾತ್ರಿ ಯಾವುದಾದರೂ ಹಳ್ಳಿಯ ಪೌರಾಣಿಕ ನಾಟಕಕ್ಕೆ ಹೋಗಿ ಕೂರಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ 'ಕುರುಕ್ಷೇತ್ರ' ಆಡದ ಊರು ಕಡಿಮೆ. ಇಲ್ಲಿ ಪಾತ್ರಕ್ಕೆ ನಟನಿಗೆ ಸಂಬಳ ಇಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಕೃಷ್ಣನಿಗೊಂದು ರೇಟು, ದುರ್ಯೋಧನನಿಗೊಂದು, ಭೀಮನಿಗೊಂದು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಹೊರಗಿನಿಂದ ಬರುವ ನಟಿಯರಿಗೆ ಆ ದುಡ್ಡೇ ಹೋಗಬೇಕು. ಹೊಲ ಇದ್ದವನು ಕಿರೀಟ ಕೊಳ್ಳುತ್ತಾನೆ, ಕೂಲಿಯವನು ಚಾಪೆ ಹಾಸಿಕೊಂಡು ನೋಡುತ್ತಾನೆ. ದೇವರು ಯಾರ ಮೈಮೇಲೆ ಬರಬೇಕೆಂಬುದನ್ನು ಇಲ್ಲಿ ಪಹಣಿಯೇ ತೀರ್ಮಾನ ಮಾಡುತ್ತದೆ.

ಈ ಕಟ್ಟನ್ನು ನಮ್ಮ ಹುಡುಗರು ಮುರಿದರು. ಕೇರಿಯ ಯುವಕರು ಚೀಟಿ ಹಾಕಿ, ಸಾಲ ಮಾಡಿ, ತಾವೇ ಮೇಳ ಕಟ್ಟಿ 'ಕುರುಕ್ಷೇತ್ರ' ಆಡಿದರು, ಆಡುತ್ತಿದ್ದಾರೆ. ಗಾರೆ ಕೆಲಸದವನು ಭೀಮನಾಗಿ ಗದೆ ಎತ್ತಿದರೆ ಊರವರೂ ಶಿಳ್ಳೆ ಹೊಡೆಯುತ್ತಾರೆ. ಇದನ್ನು ಬರೀ ಮೇಲ್ಜಾತಿಯವರ ಅನುಕರಣೆ ಎಂದು ನಮ್ಮ ಕೆಲವು ವಿಮರ್ಶಕ ಗೆಳೆಯರು ತಳ್ಳಿಹಾಕುವುದುಂಟು. ನನಗೆ ಹಾಗನ್ನಿಸುವುದಿಲ್ಲ. ತನಗೆ ಕೊಡದಿದ್ದ ಪಾತ್ರವನ್ನು ತನ್ನ ಮೈಯಿಂದ ಕಿತ್ತುಕೊಳ್ಳುವುದರಲ್ಲಿ ಒಂದು ರಾಜಕೀಯ ಇದೆ. ಆದರೆ ಆ ರಾಜಕೀಯಕ್ಕೆ ಒಂದು ಮಿತಿಯೂ ಇದೆ. ಸಫೇದ ಬಳಿದು ಮುಖದ ಕಪ್ಪನ್ನು ಮುಚ್ಚಿಕೊಂಡೇ ಅವನು ಭೀಮನಾಗಬೇಕು. ಬೆಳಿಗ್ಗೆ ಬಣ್ಣ ತೊಳೆದರೆ ಮತ್ತೆ ಕೇರಿಯವನು. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಗೆ ಹೋದರೆಂದು ದಂಡ ಹಾಕಿದರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಊರ ಗುಡಿಗಳ ಹೊಸ್ತಿಲು ದಾಟಿದ್ದು 2021ರಲ್ಲಿ, ಅದೂ ಪೊಲೀಸರ ಕಾವಲಿನಲ್ಲಿ. ದೇವರ ವೇಷ ಹಾಕಿದ ಮೈಗೆ ಶಿಳ್ಳೆ, ದೇವರ ಮುಂದೆ ನಿಂತ ಮೈಗೆ ದಂಡ. ಪಾತ್ರ ಸಿಕ್ಕಿದರೆ ಎಲ್ಲವೂ ಸಿಕ್ಕಿತು ಎಂದು ನಂಬುವವರು ಈ ಎರಡು ಊರುಗಳ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

*

ಹಾಗಾದರೆ ದಾರಿ ಯಾವುದು? 2020ರಲ್ಲಿ, ಕೊರೊನಾ ಕಾಲದಲ್ಲಿ, ಕನ್ನಡದ ಟೀವಿಗೆ ಎರಡು ಡಬ್ಬಿಂಗ್ ಧಾರಾವಾಹಿಗಳು ಬಂದವು. ಒಂದು ಸ್ಟಾರ್ ಸುವರ್ಣದ 'ಮಹಾಭಾರತ'. ಅದರಲ್ಲಿ ವ್ಯಾಸರ ಭೀಮ. ಇನ್ನೊಂದು ಜೀ ಕನ್ನಡದ 'ಮಹಾನಾಯಕ'. ಅದರಲ್ಲಿ ರಾಮ್‌ಜಿ ಸುಬೇದಾರರ ಮಗ ಭೀಮರಾವ್. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಬಾಬಾಸಾಹೇಬರೆಂದರೆ ಕ್ಯಾಲೆಂಡರಿನ ಪಟ, ಸರ್ಕಲ್ಲಿನ ಪ್ರತಿಮೆ: ನೀಲಿ ಕೋಟು, ಕನ್ನಡಕ, ಎತ್ತಿದ ಬೆರಳು. ಹುಟ್ಟುವಾಗಲೇ ಕೋಟು ಹಾಕಿಕೊಂಡು ಹುಟ್ಟಿದವರೇನೋ ಎನ್ನುವ ಹಾಗೆ. ಮೊದಲ ಸಲ ಆ ಪಟ ಒಬ್ಬ ಚಿಕ್ಕ ಹುಡುಗನ ಮೈಗೆ ಇಳಿಯಿತು. ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂರುವ, ಜವಾನ ಬಂದು ನೀರು ಹೊಯ್ಯದಿದ್ದರೆ ಬಾಯಾರಿ ಮನೆಗೆ ಹೋಗುವ ಹುಡುಗ. ಇವನೂ ಛೋಟಾ ಭೀಮನೇ! ಇವನಿಗೆ ಲಾಡಿನಿಂದ ಬಲ ಬರಲಿಲ್ಲ, ಕೊಡದ ನೀರಿನಿಂದ ಬಂತು. ಇವನು ಯಾವ ಇಂದ್ರವರ್ಮನ ಗದ್ದುಗೆಯನ್ನೂ ಕಾಯಲಿಲ್ಲ.

ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಯುವಕರು ತಾವೇ ದುಡ್ಡು ಹಾಕಿ ಆ ಧಾರಾವಾಹಿಯ ಬ್ಯಾನರ್ ಕಟ್ಟಿದರು. ಪ್ರಸಾರ ಮಾಡಬೇಡಿ ಎಂದು ಬೆದರಿಕೆ ಕರೆಗಳು ಬಂದವೆಂದು ವಾಹಿನಿಯ ಮುಖ್ಯಸ್ಥರೇ ಹೇಳಿದರು. ಎಷ್ಟೋ ಪೌರಾಣಿಕ ಧಾರಾವಾಹಿಗಳು ಬಂದುಹೋದವು, ಯಾವುದಕ್ಕೆ ಜನ ಹೀಗೆ ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿದ್ದರು? ಪಟ ಮೈದುಂಬಿದಾಗ ಅದು ಯಾರ ಮೈ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂದು ಬ್ಯಾನರ್ ಕಟ್ಟಿದವರಿಗೂ ಗೊತ್ತಿತ್ತು, ಬೆದರಿಸಿದವರಿಗೂ ಗೊತ್ತಿತ್ತು. ವಿಮರ್ಶಕರಿಗೆ ಮಾತ್ರ ಅದು ಟೀವಿ ಸೀರಿಯಲ್ಲಾಗಿ ಕಂಡಿತು. ಅದರಲ್ಲೂ ಕೊರತೆಗಳಿವೆ. ಚಳವಳಿಯನ್ನು ಒಬ್ಬ ನಾಯಕನ ಕಣ್ಣೀರು, ಕೆಲವು ಖಳರ ಗಹಗಹಿಕೆಗೆ ಇಳಿಸುವುದು ಸೀರಿಯಲ್ಲುಗಳ ಹಳೇ ಚಾಳಿ, ಇದೂ ತಪ್ಪಿಸಿಕೊಂಡಿಲ್ಲ. ಅದನ್ನೂ ನಾವೇ ಬರೆಯಬೇಕು.

ನಮ್ಮ ಬೇಡಿಕೆ 'ನಮಗೂ ಒಂದು ಭೀಮನ ಪಾರ್ಟು ಕೊಡಿ ಸ್ವಾಮಿ' ಎಂಬುದಲ್ಲ. ಕಾರ್ಟೂನು ಸಿನಿಮಾ ಆಗುವಾಗ ಕಥೆಯನ್ನು ಹೊಸದಾಗಿ ಹೇಳುವ ಅವಕಾಶ ಒಂದು ಸಿಗುತ್ತದೆ. ಹಳೆಯ ತಪ್ಪನ್ನು ನಿಷ್ಠೆಯ ಹೆಸರಿನಲ್ಲಿ ಮತ್ತೆ ಒಬ್ಬ ಮಗುವಿನ ಚರ್ಮದ ಮೇಲೆ ಬರೆಯಬೇಡಿ ಎಂಬುದು ಮೊದಲ ಮಾತು. ಕಾಲಿಯಾನಿಗೆ ಒಂದು ಹೆಸರು ಕೊಡಿ, ಒಂದು ಮನೆ ಕೊಡಿ, ಅವನು ಯಾಕೆ ಸಿಟ್ಟಾಗಿದ್ದಾನೆ ಎಂದು ಒಂದು ಸಲವಾದರೂ ಅವನನ್ನೇ ಕೇಳಿ. ಎರಡನೆಯದು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಗೊಂಬೆ ಕೊರೆಯುವ ಉಳಿ, ಕುಣಿಸುವ ಕೋಲು ನಮ್ಮ ಜನರ ಕೈಯಲ್ಲಿ ಇದ್ದವು. ಆ ಕೈಗಳು ಇನ್ನೂ ಬದುಕಿವೆ. ಚಿತ್ರ ಬರೆಯುವ, ಕಂಪ್ಯೂಟರ್ ಬಲ್ಲ ನಮ್ಮ ಹುಡುಗ ಹುಡುಗಿಯರು ಆ ಮೇಳಗಳ ಮನೆಗೆ ಹೋಗಿ ಕೂರಬೇಕು. ಹೋಗುವಾಗ ಕೂಲಿ ಕೊಟ್ಟು, ಹೆಸರು ಹಾಕಿ ಕಲಿಯಬೇಕು, ಜಾನಪದ ಸಂಗ್ರಹಕಾರರ ಹಾಗೆ ಬಾಚಿಕೊಂಡು ಬರಬಾರದು. ಕಿಳ್ಳೇಕ್ಯಾತ ಮತ್ತೆ ಪರದೆಯ ಮೇಲೆ ಬಂದು ಊರ ಯಜಮಾನರ ಕಡೆ ಬೆರಳು ಮಾಡಿ ನಕ್ಕರೆ, ಕಾಲಿಯಾ ಎಂದು ಕರೆಸಿಕೊಂಡ ಮಗು ಮೊದಲ ಬಾರಿಗೆ ಅಳದೆ ನಗುತ್ತದೆ.